ಆಗಸದಲ್ಲೇ ಇಂಧನ ತುಂಬುವ ಟ್ಯಾಂಕರ್ ವಿಮಾನದ ಆಯ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತೀಯ ವಾಯುಪಡೆಗೆ ಹೊಸ ಟ್ಯಾಂಕರ್ ವಿಮಾನಗಳನ್ನು ಕೊಳ್ಳುವ ಪ್ರಯತ್ನ 2006ರಿಂದಲೂ ನಡೆದಿದೆ. ಈ ಅವಧಿಯಲ್ಲಿ ಟೆಂಡರ್‌ಗಳು ಬಂದು ಹೋದವು, ಆಯ್ಕೆಯಾದ ವಿಮಾನವೂ ಕೈಬಿಟ್ಟುಹೋಯಿತು. ರಕ್ಷಣಾ ವಿಷಯಗಳಲ್ಲಿ ಆಸಕ್ತಿಯುಳ್ಳ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನೂ ಅವುಗಳಿಗೆ ಉತ್ತರಗಳನ್ನೂ ಇಲ್ಲಿ ಕೊಡಲಾಗಿದೆ.

ಟ್ಯಾಂಕರ್ ವಿಮಾನ ವಾಯುಪಡೆಗೆ ಏಕೆ ಬೇಕು? ಯುದ್ಧವಿಮಾನಗಳು ಕೆಳಗಿಳಿದು ಇಂಧನ ತುಂಬಿಸಿಕೊಳ್ಳಬಹುದಲ್ಲವೇ?

ಇಳಿದು ತುಂಬಿಸಿಕೊಳ್ಳಬಹುದು. ಆದರೆ ಇಳಿದು, ಮತ್ತೆ ಏರಿ, ಕಾವಲಿನ ಜಾಗಕ್ಕೆ ಮರಳುವ ಹೊತ್ತಿಗೆ ಆ ಜಾಗ ಬಹಳ ಸಮಯ ಬರಿದಾಗಿರುತ್ತದೆ. ಆ ಕೊರತೆ ತುಂಬಲು ಹೆಚ್ಚು ವಿಮಾನ, ಹೆಚ್ಚು ಪೈಲಟ್‌ಗಳು ಬೇಕಾಗುತ್ತಾರೆ. ಯುದ್ಧವಿಮಾನಗಳ ಸ್ಕ್ವಾಡ್ರನ್‌ಗಳು ಮಂಜೂರಾದ ಸಂಖ್ಯೆಗಿಂತ ಕಡಿಮೆ ಇರುವ ನಮ್ಮಂತಹ ವಾಯುಪಡೆಗೆ ಒಂದು ಟ್ಯಾಂಕರ್ ಇದ್ದರೆ ಇರುವ ವಿಮಾನಗಳಿಂದಲೇ ಹೆಚ್ಚು ಕೆಲಸ ತೆಗೆಯಬಹುದು.

ಭಾರತಕ್ಕೆ ಇನ್ನೂ ಒಂದು ಕಾರಣವಿದೆ, ಅದು ನಮ್ಮ ಭೂಗೋಳಕ್ಕೆ ಸೇರಿದ್ದು. ಲೇಹ್ ವಾಯುನೆಲೆ ಸಮುದ್ರಮಟ್ಟದಿಂದ 3,200 ಮೀಟರ್‌ಗೂ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳುವಾಗಿರುವುದರಿಂದ ಎಂಜಿನ್‌ನ ನೂಕುಬಲವೂ ರೆಕ್ಕೆಯ ಎತ್ತುಬಲವೂ ಕುಗ್ಗುತ್ತವೆ. ಆದ್ದರಿಂದ ವಿಮಾನ ಪೂರ್ತಿ ಇಂಧನವನ್ನೂ ಪೂರ್ತಿ ಶಸ್ತ್ರಾಸ್ತ್ರವನ್ನೂ ಒಟ್ಟಿಗೆ ಹೊತ್ತು ಏರಲಾರದು. ಶಸ್ತ್ರಾಸ್ತ್ರ ತುಂಬಿಕೊಂಡು, ಕಡಿಮೆ ಇಂಧನದೊಂದಿಗೆ ಏರಿ, ಮೇಲೆ ಹೋದ ಮೇಲೆ ಟ್ಯಾಂಕರ್‌ನಿಂದ ಉಳಿದದ್ದನ್ನು ಪಡೆಯುವುದು ಈ ತೊಡಕಿಗೆ ಇರುವ ನೇರ ಪರಿಹಾರ. ಬೆಂಗಳೂರಿನಲ್ಲಿ ಅಭಿವೃದ್ಧಿಪಡಿಸಿದ ನೇತ್ರ ಮುನ್ನೆಚ್ಚರಿಕೆ ವಿಮಾನದಲ್ಲೂ (ದೂರದ ಶತ್ರು ವಿಮಾನಗಳನ್ನು ರೇಡಾರ್‌ನಿಂದ ಗುರುತಿಸುವ ವಿಮಾನ) ಇಂಧನ ಪಡೆಯುವ ಕೊಳವೆ ಇದೆ. ತಾನಾಗಿ ಸುಮಾರು 5 ಗಂಟೆ ಹಾರುವ ಆ ವಿಮಾನ ಮರುಪೂರಣ ಸಿಕ್ಕರೆ ಸುಮಾರು 9 ಗಂಟೆ ಆಗಸದಲ್ಲಿರಬಲ್ಲದು. ನೇತ್ರ ವಿಮಾನಗಳ ಸಂಖ್ಯೆ ಬೆರಳೆಣಿಕೆಯಷ್ಟಿರುವಾಗ ಆ ನಾಲ್ಕು ಗಂಟೆಗಳ ಬೆಲೆ ದೊಡ್ಡದು.

ಭಾರತದ ಬಳಿ ಈಗ ಯಾವ ಟ್ಯಾಂಕರ್‌ಗಳಿವೆ?

2003ರಿಂದ ಸೇವೆಗೆ ಬಂದ ಆರು ಐಎಲ್-78ಎಂಕೆಐ ವಿಮಾನಗಳು ಆಗ್ರಾದ 78ನೇ ಸ್ಕ್ವಾಡ್ರನ್‌ನಲ್ಲಿವೆ. ಇವು ಉಜ್ಬೇಕಿಸ್ತಾನದ ತಾಷ್ಕೆಂಟ್ ಕಾರ್ಖಾನೆಯಲ್ಲಿ ತಯಾರಾದ, ನಾಲ್ಕು ಎಂಜಿನ್‌ಗಳ ವಿಮಾನಗಳು. ಇವು ಬಂದ ಮರುವರ್ಷವೇ, ಅಂದರೆ 2004ರಲ್ಲಿ, ನಮ್ಮ ಜಾಗ್ವಾರ್‌ಗಳು ಇವುಗಳ ನೆರವಿನಿಂದ ಅಮೆರಿಕದ ಅಲಾಸ್ಕಾವರೆಗೂ ಹಾರಿ ಜಂಟಿ ಸಮರಾಭ್ಯಾಸದಲ್ಲಿ ಪಾಲ್ಗೊಂಡವು. 2008ರಲ್ಲಿ ಸುಖೋಯ್-30ಗಳು ನೆವಾಡಾದ ರೆಡ್ ಫ್ಲಾಗ್ ಸಮರಾಭ್ಯಾಸಕ್ಕೆ ಹೋದಾಗಲೂ ಜೊತೆಗಿದ್ದದ್ದು ಇವೇ.

ಈ ವಿಮಾನದ ಸಾಮರ್ಥ್ಯದ ಬಗ್ಗೆ ದೂರು ಕಡಿಮೆ, ಇರುವ ದೂರೆಲ್ಲ ಲಭ್ಯತೆಯ ಬಗ್ಗೆ. ಮಹಾಲೇಖಪಾಲರ 2017ರ ವರದಿಯ ಪ್ರಕಾರ 2010ರಿಂದ 2016ರವರೆಗೆ ಹಾರಲು ಸಿದ್ಧವಿದ್ದ ಐಎಲ್-78ಗಳ ಸರಾಸರಿ ಪ್ರಮಾಣ ಸುಮಾರು ಶೇ 49. ಅಂದರೆ ಆರು ವಿಮಾನಗಳ ಪಡೆ ಕಾಗದದ ಮೇಲೆ ಆರು, ಬೆಳಗಿನ ಹಾಜರಿಯಲ್ಲಿ ಮೂರು. ತಯಾರಿಸಿದ ತಾಷ್ಕೆಂಟ್ ಕಾರ್ಖಾನೆ ವಿಮಾನ ತಯಾರಿಕೆಯನ್ನೇ ನಿಲ್ಲಿಸಿದೆ. ಇಡೀ ದೇಶದ ಎರಡು ಗಡಿಗಳಿಗೆ, ಒಂದು ಮಹಾಸಾಗರಕ್ಕೆ, ಪೈಲಟ್‌ಗಳ ದಿನನಿತ್ಯದ ತರಬೇತಿಗೆ ಸೇರಿ ಮೂರು ವಿಮಾನ ಎಂದರೆ ಅದು ಆತಂಕ ಪಡಬೇಕಾದ ಸ್ಥಿತಿ. ಹೊಸ ವಿಮಾನದ ಆಯ್ಕೆಯಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಯಾವುದೇ ಒಂದು ದಿನ ಎಷ್ಟು ವಿಮಾನ ಹಾರಲು ಸಿದ್ಧವಿರುತ್ತವೆ ಎಂಬುದನ್ನೇ ಎಂದು ನಾನು ಭಾವಿಸುತ್ತೇನೆ. ವೇಗ, ಗಾತ್ರ, ತಂತ್ರಜ್ಞಾನಗಳ ಚರ್ಚೆ ಅದರ ನಂತರದ್ದು.

ಬೂಮ್ ಮತ್ತು ಡ್ರೋಗ್ ಎಂಬ ಎರಡು ವಿಧಾನಗಳಿಗೆ ಏನು ವ್ಯತ್ಯಾಸ?

ಬೂಮ್ ಎಂದರೆ ಟ್ಯಾಂಕರ್‌ನ ಬಾಲದಡಿ ಇರುವ, ಉದ್ದಕ್ಕೆ ಚಾಚಬಹುದಾದ ಗಟ್ಟಿ ಕೊಳವೆ. ಟ್ಯಾಂಕರ್‌ನೊಳಗೆ ಕುಳಿತ ಬೂಮ್ ನಿರ್ವಾಹಕ ಅದನ್ನು ಪುಟ್ಟ ರೆಕ್ಕೆಗಳ ಸಹಾಯದಿಂದ ನಡೆಸಿ, ಕೆಳಗೆ ಸ್ಥಿರವಾಗಿ ಹಾರುತ್ತಿರುವ ವಿಮಾನದ ಬೆನ್ನ ಮೇಲಿನ ಕುಳಿಗೆ ಸೇರಿಸುತ್ತಾನೆ. ಇಂಧನ ವೇಗವಾಗಿ ಹರಿಯುತ್ತದೆ, ನಿಮಿಷಕ್ಕೆ 3,600 ಕಿಲೋವರೆಗೆ. ಅಮೆರಿಕದ ವಾಯುಪಡೆ ದೊಡ್ಡ ಬಾಂಬರ್‌ಗಳಿಗಾಗಿ ಈ ವಿಧಾನವನ್ನು ಬೆಳೆಸಿತು, ಆ ನಂತರ ತನ್ನ ಯುದ್ಧವಿಮಾನಗಳಿಗೂ ಅದನ್ನೇ ಅಳವಡಿಸಿತು.

ಡ್ರೋಗ್ ವಿಧಾನದಲ್ಲಿ ಟ್ಯಾಂಕರ್‌ನ ರೆಕ್ಕೆಯಡಿ ತೂಗಿಸಿದ ಪಾಡ್ ಎಂಬ ಗೂಡಿನಿಂದ ಹೋಸ್ ಎಂಬ ಬಗ್ಗುವ ಕೊಳವೆ ಹೊರಬರುತ್ತದೆ, ಅದರ ತುದಿಯಲ್ಲಿ ಬ್ಯಾಡ್ಮಿಂಟನ್ ಶಟಲ್‌ನ ಆಕಾರದ ಬುಟ್ಟಿ ಇರುತ್ತದೆ, ಅದೇ ಡ್ರೋಗ್. ಇಲ್ಲಿ ಕೆಲಸವೆಲ್ಲ ಇಂಧನ ಪಡೆಯುವ ಪೈಲಟ್‌ನದು. ಅವನು ತನ್ನ ವಿಮಾನದ ಮೂತಿಯ ಬಳಿಯ ಪ್ರೋಬ್ ಎಂಬ ಕೊಳವೆಯನ್ನು ಆ ಬುಟ್ಟಿಯೊಳಗೆ ತೂರಿಸಬೇಕು. ಬಹಳ ನಿಧಾನವಾಗಿ ಬಂದರೆ ಕೀಲು ಕೂಡುವುದಿಲ್ಲ, ವೇಗವಾಗಿ ಬಂದರೆ ಹೋಸ್‌ನಲ್ಲಿ ಅಲೆ ಎದ್ದು ಬುಟ್ಟಿಯೋ ಪ್ರೋಬೋ ಮುರಿಯಬಹುದು. ಹತ್ತಿರ ಬಂದಂತೆ ವಿಮಾನದ ಮೂತಿ ತಳ್ಳುವ ಗಾಳಿಯೇ ಬುಟ್ಟಿಯನ್ನು ಪಕ್ಕಕ್ಕೆ ಸರಿಸುವುದುಂಟು. ಅದಕ್ಕೇ ಅನುಭವಿ ಪೈಲಟ್‌ಗಳು ಬುಟ್ಟಿಯನ್ನು ದಿಟ್ಟಿಸದೆ ಟ್ಯಾಂಕರ್‌ನ ದೇಹವನ್ನು ನೋಡಿಕೊಂಡೇ ಮುಂದುವರಿಯುತ್ತಾರೆ.

ಈ ಕೆಲಸ ಎಷ್ಟು ಸೂಕ್ಷ್ಮ ಎಂಬುದು ತೇಜಸ್‌ನ ಪರೀಕ್ಷೆಯಿಂದ ತಿಳಿಯುತ್ತದೆ. 2018ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಇಂಧನ ಹರಿಸದೆ ಬರಿಯ ಜೋಡಣೆಯನ್ನಷ್ಟೇ ಪರೀಕ್ಷಿಸಿದರು. ಅದು ಸರಿಹೋದ ಮೇಲೆ ಸೆಪ್ಟೆಂಬರ್ 10ರ ಬೆಳಿಗ್ಗೆ 20,000 ಅಡಿ ಎತ್ತರದಲ್ಲಿ, ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದಲ್ಲಿ, ಐಎಲ್-78ನಿಂದ 1,900 ಕಿಲೋ ಇಂಧನ ತೇಜಸ್‌ಗೆ ಹರಿಯಿತು. ಒಳಗಿನ ಟ್ಯಾಂಕ್‌ಗಳಷ್ಟೇ ಅಲ್ಲ, ರೆಕ್ಕೆಗೆ ತೂಗಿಸಿದ್ದ ಹೆಚ್ಚುವರಿ ಟ್ಯಾಂಕ್‌ಗಳೂ ತುಂಬಿದವು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಯುದ್ಧವಿಮಾನವೊಂದಕ್ಕೆ ಅದು ದೊಡ್ಡ ಮೈಲಿಗಲ್ಲು.

ಡ್ರೋಗ್ ಪಾಡ್‌ನ ಹರಿವು ನಿಮಿಷಕ್ಕೆ ಸುಮಾರು 1,300 ಕಿಲೋ ಮಾತ್ರ. ಆದರೆ ಎರಡು ರೆಕ್ಕೆಗಳಿಂದ ಏಕಕಾಲಕ್ಕೆ ಎರಡು ವಿಮಾನಗಳಿಗೆ ಕೊಡಬಹುದು, ಬೂಮ್ ಒಂದು ಸಲಕ್ಕೆ ಒಂದೇ ವಿಮಾನಕ್ಕೆ ಕೊಡುತ್ತದೆ. ಯುದ್ಧವಿಮಾನಗಳು ಬೂಮ್‌ನ ಪೂರ್ಣ ವೇಗದಲ್ಲಿ ಇಂಧನ ಸ್ವೀಕರಿಸಲಾರವು. ಹಾಗಾಗಿ ಯುದ್ಧವಿಮಾನಗಳ ಗುಂಪಿಗೆ ಜೋಡಿ ಹೋಸ್ ಹಿತ, ದೊಡ್ಡ ಸಾಗಣೆ ವಿಮಾನಕ್ಕೆ ಬೂಮ್ ಹಿತ.

ಹಾಗಾದರೆ ಭಾರತಕ್ಕೆ ಬೂಮ್ ಬೇಕೇ?

ಇಂಧನ ಪಡೆಯುವ ವಿಮಾನಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕಬೇಕು. ಸುಖೋಯ್-30, ಮಿರಾಜ್-2000, ಜಾಗ್ವಾರ್, ನವೀಕರಿಸಿದ ಮಿಗ್-29, ರಫೇಲ್, ತೇಜಸ್, ನೇತ್ರ, ನೌಕಾಪಡೆಯ ಮಿಗ್-29ಕೆ, ಇನ್ನು ಬರಲಿರುವ ರಫೇಲ್-ಎಂ ಎಲ್ಲವೂ ಪ್ರೋಬ್ ಇರುವ ವಿಮಾನಗಳೇ. ಬೂಮ್ ಬೇಕಾಗುವವು ಮುಖ್ಯವಾಗಿ ವಾಯುಪಡೆಯ 11 ಸಿ-17 ಸಾಗಣೆ ವಿಮಾನಗಳು ಮತ್ತು ನೌಕಾಪಡೆಯ 12 ಪಿ-8ಐ ಕಡಲ ಕಾವಲು ವಿಮಾನಗಳು. ಪಟ್ಟಿಯಷ್ಟನ್ನೇ ನೋಡಿದರೆ ಡ್ರೋಗ್ ಸಾಕು ಅನ್ನಿಸುತ್ತದೆ.

ಆದರೂ ಬ್ರಿಟನ್ನಿನ ಅನುಭವ ನೆನಪಿನಲ್ಲಿರಬೇಕು. 2008ರಲ್ಲಿ ಒಪ್ಪಂದವಾದ ಅವರ 14 ವಾಯೇಜರ್ ಟ್ಯಾಂಕರ್‌ಗಳಿಗೆ ಬೂಮ್ ಇಲ್ಲ, ಅಂದಿನ ಅವರ ಯುದ್ಧವಿಮಾನಗಳಿಗೆ ಅದು ಬೇಕಿರಲಿಲ್ಲ. ಆ ಮೇಲೆ ಅಮೆರಿಕದಿಂದ ರಿವೆಟ್ ಜಾಯಿಂಟ್ ಬೇಹುಗಾರಿಕೆ ವಿಮಾನಗಳನ್ನೂ ಪಿ-8 ಪೊಸೈಡನ್‌ಗಳನ್ನೂ ತಂದರು. ಸಿ-17ಗಳಂತೂ ಮೊದಲೇ ಇದ್ದವು. ಇವುಗಳಲ್ಲಿ ಯಾವುದಕ್ಕೂ ಬ್ರಿಟನ್ನಿನ ಸ್ವಂತ ಟ್ಯಾಂಕರ್ ಇಂಧನ ಕೊಡಲಾರದು, ಮಿತ್ರರಾಷ್ಟ್ರಗಳನ್ನು ಅವಲಂಬಿಸಬೇಕು. ಟ್ಯಾಂಕರ್‌ನ ಆಯುಷ್ಯ 30ರಿಂದ 40 ವರ್ಷ, ಅಷ್ಟರಲ್ಲಿ ಇಂಧನ ಪಡೆಯುವ ವಿಮಾನಗಳ ಪಟ್ಟಿ ಎರಡು ಸಲ ಬದಲಾಗಿರುತ್ತದೆ. ಹಿಂದೂ ಮಹಾಸಾಗರದಲ್ಲಿ ಪಿ-8ಐಗಳ ಕೆಲಸ ಬೆಳೆಯುತ್ತಲೇ ಇರುವುದರಿಂದ ಬೂಮ್ ಮತ್ತು ಜೋಡಿ ಪಾಡ್ ಎರಡೂ ಇರುವ ವಿಮಾನವನ್ನು ಕೇಳುವುದೇ ಸರಿ. ಬೆಲೆಯ ಕಾರಣಕ್ಕೆ ಒಂದನ್ನು ಬಿಡಲೇಬೇಕಾಗಿ ಬಂದರೆ ಬಿಡಬೇಕಾದದ್ದು ಬೂಮ್, ಪಾಡ್ ಅಲ್ಲ. ಆಗಲೂ ಮುಂದೆ ಬೂಮ್ ಅಳವಡಿಸಲು ಬೇಕಾದ ಜಾಗ ಮತ್ತು ತಂತಿಜಾಲವನ್ನು ಮೊದಲೇ ಮಾಡಿಸಿಡಬೇಕು.

ಹೆಚ್ಚು ಇಂಧನ ಹೊರುವ ವಿಮಾನವೇ ಉತ್ತಮವಲ್ಲವೇ?

ಜಾಹೀರಾತು ಪುಸ್ತಿಕೆಗಳಲ್ಲಿ ಕಾಣುವುದು ವಿಮಾನ ಹೊರುವ ಒಟ್ಟು ಇಂಧನ. ಏರ್‌ಬಸ್ ಎ330 ಎಂಆರ್‌ಟಿಟಿ 111 ಟನ್, ಬೋಯಿಂಗ್ ಕೆಸಿ-46 ಸುಮಾರು 96 ಟನ್, ಹಳೆಯ ಕೆಸಿ-135 ಸುಮಾರು 90 ಟನ್. ಆದರೆ ಟ್ಯಾಂಕರ್ ಕೂಡ ಅದೇ ಇಂಧನವನ್ನು ಉರಿಸಿಕೊಂಡೇ ಹಾರುತ್ತದೆ. ಆದ್ದರಿಂದ ಲೆಕ್ಕಕ್ಕೆ ಬರುವುದು ಬೇಕಾದ ಜಾಗದಲ್ಲಿ ಬೇಕಾದಷ್ಟು ಹೊತ್ತು ನಿಂತ ಮೇಲೆ ಇತರರಿಗೆ ಕೊಡಲು ಎಷ್ಟು ಉಳಿಯುತ್ತದೆ ಎಂಬ ಅಂಕಿ.

ಉದಾಹರಣೆಗೆಂದು ಕೆಲವು ದುಂಡು ಅಂಕಿಗಳನ್ನು ಹಿಡಿಯೋಣ. 100 ಟನ್ ತುಂಬಿಕೊಂಡು ಏರುವ ದೊಡ್ಡ ಟ್ಯಾಂಕರ್ ಗಂಟೆಗೆ 6 ಟನ್ ಉರಿಸುತ್ತದೆ, ಇಳಿಯುವಾಗ 8 ಟನ್ ಮೀಸಲು ಇರಬೇಕು. ಕೆಲಸದ ಜಾಗ ನೆಲೆಯಿಂದ ಒಂದು ಗಂಟೆಯ ದೂರದಲ್ಲಿದ್ದು, ಅಲ್ಲಿ 4 ಗಂಟೆ ನಿಲ್ಲಬೇಕಾದರೆ ಒಟ್ಟು 6 ಗಂಟೆಗೆ 36 ಟನ್ ತನಗೇ ಬೇಕು. ಮೀಸಲು ಕಳೆದರೆ ಉಳಿಯುವುದು 56 ಟನ್. ತಲಾ 4 ಟನ್‌ನಂತೆ 14 ಯುದ್ಧವಿಮಾನಗಳಿಗೆ ಸಾಕು. ಅದೇ ಜಾಗ ಎರಡೂವರೆ ಗಂಟೆ ದೂರವಾದರೆ ಕೊಡಲು ಉಳಿಯುವುದು 38 ಟನ್, ಅಂದರೆ 9 ವಿಮಾನಗಳಿಗೆ. ಈಗ 75 ಟನ್ ಹೊತ್ತು ಗಂಟೆಗೆ 5 ಟನ್ ಉರಿಸುವ ಮಧ್ಯಮ ಟ್ಯಾಂಕರ್ ತೆಗೆದುಕೊಳ್ಳಿ. ಒಂದು ಗಂಟೆ ದೂರದಲ್ಲಿ ಅದು 37 ಟನ್ ಕೊಡುತ್ತದೆ, ಎರಡೂವರೆ ಗಂಟೆ ದೂರದಲ್ಲಿ ಬರೀ 22 ಟನ್.

ನೆಲದ ಗಡಿಗಳು ನಮ್ಮ ಒಳನಾಡಿನ ನೆಲೆಗಳಿಂದ ಒಂದು ಗಂಟೆಯ ಆಸುಪಾಸಿನಲ್ಲಿವೆ, ಅಲ್ಲಿ ಮಧ್ಯಮ ಗಾತ್ರದ ಹೆಚ್ಚು ವಿಮಾನಗಳಿಂದ ಲಾಭ. ಅರಬ್ಬಿ ಸಮುದ್ರದ ಆಚೆ ತುದಿ ಅಥವಾ ಮಲಕ್ಕಾ ಜಲಸಂಧಿಯ ಕಡೆಗಾದರೆ ದೊಡ್ಡ ವಿಮಾನವೇ ಬೇಕು. ಈ ಎರಡರಲ್ಲಿ ಯಾವ ಕೆಲಸ ಮೊದಲು ಎಂದು ವಾಯುಪಡೆ ತೀರ್ಮಾನಿಸದೆ ಗಾತ್ರದ ಚರ್ಚೆ ಮುಂದೆ ಹೋಗುವುದಿಲ್ಲ.

ಸಮಯದ ಲೆಕ್ಕವೂ ಇದೆ. ಎಂಟು ಯುದ್ಧವಿಮಾನಗಳು ಎರಡು ಹೋಸ್‌ಗಳ ಮುಂದೆ ಸರದಿಯಲ್ಲಿ ನಿಂತರೆ, ಬಂದು ಸೇರಿ ತುಂಬಿಸಿಕೊಂಡು ಬಿಡುವುದಕ್ಕೆ ತಲಾ ಏಳು ನಿಮಿಷ ಹಿಡಿದರೂ ಅರ್ಧ ಗಂಟೆ ಬೇಕು. ಮೊದಲು ತುಂಬಿಸಿಕೊಂಡ ವಿಮಾನ ಅಷ್ಟರಲ್ಲಿ ಒಂದು ಟನ್ನಿಗೂ ಹೆಚ್ಚು ಉರಿಸಿರುತ್ತದೆ. ಎರಡು ಟ್ಯಾಂಕರ್, ನಾಲ್ಕು ಹೋಸ್ ಇದ್ದರೆ ಕಾಯುವ ಹೊತ್ತು ಅರ್ಧಕ್ಕಿಳಿಯುತ್ತದೆ. ಒಂದು ಟ್ಯಾಂಕರ್ ಕೆಟ್ಟು ಹಿಂದಿರುಗಿದರೂ ಇಡೀ ಕಾರ್ಯಾಚರಣೆ ನಿಲ್ಲುವುದಿಲ್ಲ.

ದೂರ ಎಷ್ಟು ಕ್ರೂರವಾಗಿ ಇಂಧನ ನುಂಗುತ್ತದೆ ಎಂಬುದಕ್ಕೆ 1982ರ ಫಾಕ್‌ಲ್ಯಾಂಡ್ಸ್ ಯುದ್ಧಕ್ಕಿಂತ ದೊಡ್ಡ ಸಾಕ್ಷಿ ಸಿಗುವುದು ಕಷ್ಟ. ಅಟ್ಲಾಂಟಿಕ್ ಸಾಗರದ ನಡುವಿನ ಅಸೆನ್ಷನ್ ದ್ವೀಪದಿಂದ ಒಂದೇ ಒಂದು ವಲ್ಕನ್ ಬಾಂಬರ್ ಫಾಕ್‌ಲ್ಯಾಂಡ್ಸ್‌ನ ಪೋರ್ಟ್ ಸ್ಟ್ಯಾನ್ಲಿಯ ರನ್‌ವೇ ತಲುಪಿ ಮರಳಲು ಬ್ರಿಟನ್ 11 ವಿಕ್ಟರ್ ಟ್ಯಾಂಕರ್‌ಗಳನ್ನು ಹಾರಿಸಬೇಕಾಯಿತು. ಅವುಗಳಲ್ಲಿ ಬಹುಪಾಲು ಟ್ಯಾಂಕರ್‌ಗಳು ಇಂಧನ ಕೊಟ್ಟದ್ದು ಬೇರೆ ಟ್ಯಾಂಕರ್‌ಗಳಿಗೆ.

ಎಲ್ಲ ವಾಯುನೆಲೆಗಳಿಂದಲೂ ಈ ವಿಮಾನಗಳು ಹಾರಬಲ್ಲವೇ?

ಇಲ್ಲ. ಎ330 ಎಂಆರ್‌ಟಿಟಿ ಪೂರ್ಣ ಭಾರದಲ್ಲಿ 233 ಟನ್ ತೂಗುತ್ತದೆ, ರೆಕ್ಕೆಯ ಅಗಲ 60 ಮೀಟರ್. ಕೆಸಿ-46 188 ಟನ್, ರೆಕ್ಕೆ 48 ಮೀಟರ್. ಉದ್ದದ ರನ್‌ವೇ ಇದ್ದರೆ ಮಾತ್ರ ಸಾಲದು. ಟ್ಯಾಕ್ಸಿವೇ ಮತ್ತು ನಿಲುಗಡೆಯ ನೆಲ ಆ ಚಕ್ರಭಾರವನ್ನು ತಡೆಯಬೇಕು, ಅಷ್ಟು ಅಗಲದ ಹ್ಯಾಂಗರ್ ಬೇಕು, ಗಂಟೆಗಟ್ಟಲೆ ಕಾಯಿಸದೆ 100 ಟನ್ ತುಂಬಿಸುವ ಇಂಧನ ಕೊಳವೆಜಾಲ ಬೇಕು. ಉತ್ತರ ಭಾರತದ ಬೇಸಿಗೆಯ 45 ಡಿಗ್ರಿ ಬಿಸಿಲಿನಲ್ಲಿ ಎಂಜಿನ್‌ನ ಬಲ ಕುಗ್ಗಿದಾಗ ಅದೇ ರನ್‌ವೇಯಿಂದ ಹಲವು ಟನ್ ಕಡಿಮೆ ಹೊತ್ತು ಏರಬೇಕಾಗುತ್ತದೆ. ಟೆಂಡರ್ ಕರೆಯುವಾಗ ಜೂನ್ ಮಧ್ಯಾಹ್ನದ ಅಂಕಿಯನ್ನು ಕೇಳಬೇಕು, ಯುರೋಪಿನ 15 ಡಿಗ್ರಿಯ ಅಂಕಿಯನ್ನಲ್ಲ. ನೆಲೆಗಳ ಸುಧಾರಣೆಯ ಖರ್ಚನ್ನೂ ವಿಮಾನದ ಬೆಲೆಗೆ ಸೇರಿಸಿಯೇ ಹೋಲಿಸಬೇಕು.

ಇಂದು ಕೊಳ್ಳಲು ಸಿಗುವ ಟ್ಯಾಂಕರ್‌ಗಳು ಯಾವುವು?

ದೊಡ್ಡ ಗಾತ್ರದಲ್ಲಿ ನಾಲ್ಕು ಮಾತ್ರ.

ಏರ್‌ಬಸ್ ಎ330 ಎಂಆರ್‌ಟಿಟಿಯನ್ನು ಆಸ್ಟ್ರೇಲಿಯಾ, ಫ್ರಾನ್ಸ್, ಸಿಂಗಪುರ, ದಕ್ಷಿಣ ಕೊರಿಯಾ, ಸೌದಿ ಅರೇಬಿಯಾ ಮುಂತಾದ ದೇಶಗಳು ಬಳಸುತ್ತಿವೆ. ಇದರ ದೊಡ್ಡ ಅನುಕೂಲವೆಂದರೆ 111 ಟನ್ ಇಂಧನ ಪ್ರಯಾಣಿಕ ವಿಮಾನಕ್ಕಿರುವ ಮೂಲ ಟ್ಯಾಂಕ್‌ಗಳಲ್ಲೇ ಹಿಡಿಯುತ್ತದೆ, ಹೆಚ್ಚುವರಿ ಟ್ಯಾಂಕ್ ಬೇಡ, ಸರಕಿನ ಜಾಗ ಖಾಲಿಯೇ ಉಳಿಯುತ್ತದೆ. ಇದರ ರೆಕ್ಕೆ ನಾಲ್ಕು ಎಂಜಿನ್‌ಗಳ ಎ340ರ ರೆಕ್ಕೆಯೊಂದಿಗೆ ಒಂದೇ ವಿನ್ಯಾಸದ್ದು. ಆದ್ದರಿಂದ ಎ340ಯಲ್ಲಿ ಹೊರಗಿನ ಎಂಜಿನ್ ಕೂರುವ ಗಟ್ಟಿ ಜಾಗದಲ್ಲಿ ಇಲ್ಲಿ ಇಂಧನದ ಪಾಡ್ ಕೂರುತ್ತದೆ. 2020ರ ಜುಲೈನಲ್ಲಿ ನಮ್ಮ ಮೊದಲ ಐದು ರಫೇಲ್‌ಗಳು ಫ್ರಾನ್ಸ್‌ನಿಂದ ಅಂಬಾಲಕ್ಕೆ ಬರುವಾಗ ದಾರಿಯಲ್ಲಿ ಇಂಧನ ಕೊಟ್ಟದ್ದು ಫ್ರೆಂಚ್ ವಾಯುಪಡೆಯ ಇದೇ ಬಗೆಯ ವಿಮಾನ. ಮುಂದಿನ ಆವೃತ್ತಿ ಎ330 ನಿಯೊ ಆಧಾರಿತವಾಗಿರಲಿದೆ.

ಬೋಯಿಂಗ್ ಕೆಸಿ-46ರ ಗಾತ್ರ ಕಡಿಮೆ, ಬೂಮ್ ಮತ್ತು ಡ್ರೋಗ್ ಎರಡೂ ಇವೆ, ಅಮೆರಿಕವೇ ದೊಡ್ಡ ಗ್ರಾಹಕನಾಗಿರುವುದರಿಂದ ದೀರ್ಘಕಾಲ ಬಿಡಿಭಾಗ ಸಿಗುವ ಭರವಸೆ ಇದೆ.

ರಷ್ಯಾದ ಐಎಲ್-78ಎಂ-90ಎ 2018ರ ಜನವರಿಯಲ್ಲಿ ಮೊದಲ ಬಾರಿ ಹಾರಿತು. ಎಂಜಿನ್ ಹೊಸದು, ನಮ್ಮ ತಂತ್ರಜ್ಞರಿಗೆ ಈ ವಿಮಾನಗಳ ಕುಟುಂಬ ಪರಿಚಿತ, ಆದರೆ ಬೂಮ್ ಇಲ್ಲ. ತನ್ನದೇ ಯುದ್ಧದಲ್ಲಿ ಮುಳುಗಿರುವ ರಷ್ಯಾ ಹೇಳಿದ ದಿನಕ್ಕೆ ವಿಮಾನ ಮತ್ತು ಬಿಡಿಭಾಗ ಕೊಡಬಲ್ಲದೇ ಎಂಬ ಸಂದೇಹ ಸಹಜ.

ನಾಲ್ಕನೆಯದು ಇಸ್ರೇಲ್ ಏರೋಸ್ಪೇಸ್ ಇಂಡಸ್ಟ್ರೀಸ್ ಸಂಸ್ಥೆಯು ಈಗಾಗಲೇ ಹಾರಿದ ಹಳೆಯ ಬೋಯಿಂಗ್ 767 ಪ್ರಯಾಣಿಕ ವಿಮಾನಗಳನ್ನು ಪರಿವರ್ತಿಸಿ ಕೊಡುವ ಟ್ಯಾಂಕರ್. ಕೊಲಂಬಿಯಾದ ವಾಯುಪಡೆ ಇದನ್ನು ಬಳಸುತ್ತಿದೆ.

ಬಳಸಿದ ಪ್ರಯಾಣಿಕ ವಿಮಾನವನ್ನು ಪರಿವರ್ತಿಸುವುದು ವಿವೇಕವೇ?

ಮೇಲ್ನೋಟಕ್ಕೆ ಅನುಮಾನ ಹುಟ್ಟಿಸುವ ಈ ದಾರಿ ವಿಚಾರ ಮಾಡಿದಷ್ಟೂ ಒಪ್ಪುವಂತೆ ಕಾಣುತ್ತದೆ. ಪ್ರಯಾಣಿಕ ವಿಮಾನ ವರ್ಷಕ್ಕೆ ಮೂರು ನಾಲ್ಕು ಸಾವಿರ ಗಂಟೆ ಹಾರುತ್ತದೆ, ಟ್ಯಾಂಕರ್ ಅದರ ಸಣ್ಣ ಪಾಲಿನಷ್ಟು ಮಾತ್ರ. ಆದ್ದರಿಂದ 20 ವರ್ಷ ಹಾರಿದ ವಿಮಾನದಲ್ಲೂ ಟ್ಯಾಂಕರ್‌ನ ಕೆಲಸಕ್ಕೆ ಸಾಕಷ್ಟು ಆಯುಷ್ಯ ಉಳಿದಿರುತ್ತದೆ. ಹಾಗೆಂದು ಆರು ವಿಮಾನಗಳನ್ನು ಆರು ಕಡೆಯಿಂದ ಕೊಳ್ಳುವುದು ಅಪಾಯ. ಒಂದೊಂದರ ತಂತಿಜಾಲ, ಕಾಕ್‌ಪಿಟ್ ಉಪಕರಣ, ದುರಸ್ತಿಯ ಇತಿಹಾಸ ಬೇರೆಬೇರೆಯಾದರೆ ಮುಂದಿನ 30 ವರ್ಷ ತಂತ್ರಜ್ಞರು ಆರು ಬಗೆಯ ವಿಮಾನಗಳನ್ನು ಸಾಕಿದಂತಾಗುತ್ತದೆ. ಒಂದೇ ವಿಮಾನಯಾನ ಸಂಸ್ಥೆಯಲ್ಲಿ ಒಟ್ಟಿಗೆ ಹಾರಿದ, ಒಂದೇ ಎಂಜಿನ್‌ನ ವಿಮಾನಗಳನ್ನೇ ಆರಿಸಬೇಕೆಂಬ ಷರತ್ತು ಒಪ್ಪಂದದಲ್ಲಿ ಇರಲೇಬೇಕು.

767 ಪ್ರಯಾಣಿಕ ಆವೃತ್ತಿಯ ತಯಾರಿಕೆ ನಿಂತಿದೆ. ಸರಕು ಆವೃತ್ತಿಯ ತಯಾರಿಕೆಯನ್ನು 2027ರಲ್ಲಿ ನಿಲ್ಲಿಸುವುದಾಗಿಯೂ, 767 ಆಧಾರಿತ ಕೆಸಿ-46 ಮಾತ್ರ ಮುಂದುವರಿಯುವುದಾಗಿಯೂ ಬೋಯಿಂಗ್ 2024ರಲ್ಲಿ ಪ್ರಕಟಿಸಿತು. ಜಗತ್ತಿನ ಸರಕು ಸಾಗಣೆ ಸಂಸ್ಥೆಗಳಲ್ಲಿ ನೂರಾರು 767ಗಳು ಹಾರುತ್ತಿರುವ ತನಕ ಬಿಡಿಭಾಗಕ್ಕೆ ಕೊರತೆಯಾಗದು.

ನಮ್ಮ ರಾಜ್ಯಕ್ಕೆ ನೇರ ಸಂಬಂಧ ಇರುವುದು ಇಲ್ಲೇ. ಬೆಂಗಳೂರಿನ ಎಚ್‌ಎಎಲ್ 2022ರ ಏಪ್ರಿಲ್‌ನಲ್ಲಿ ಈ ಪರಿವರ್ತನೆಯನ್ನು ಭಾರತದಲ್ಲೇ ಮಾಡಲು ಇಸ್ರೇಲ್ ಏರೋಸ್ಪೇಸ್ ಇಂಡಸ್ಟ್ರೀಸ್ ಜೊತೆ ತಿಳಿವಳಿಕೆ ಒಪ್ಪಂದ ಮಾಡಿಕೊಂಡಿತು. 2025ರ ಅಕ್ಟೋಬರ್‌ನಲ್ಲಿ, ಆರು ಟ್ಯಾಂಕರ್‌ಗಳ ಸ್ಪರ್ಧೆಯಲ್ಲಿ ಆ ಇಸ್ರೇಲಿ ಸಂಸ್ಥೆಯೊಂದೇ ಕಣದಲ್ಲಿ ಉಳಿದಿದೆ ಎಂದು ಪತ್ರಿಕೆಗಳು ವರದಿ ಮಾಡಿದವು. ದೊಡ್ಡ ಪ್ರಯಾಣಿಕ ವಿಮಾನದ ದೇಹವನ್ನು ಬಿಚ್ಚಿ, ಬಲಪಡಿಸಿ, ಇಂಧನ ಕೊಳವೆ ಹಾಯಿಸುವ ಕೌಶಲ ಇಲ್ಲಿಯ ಕಾರ್ಮಿಕರಿಗೆ ಬಂದರೆ ಅದರ ಪ್ರಯೋಜನ ಆರು ವಿಮಾನಗಳಿಗೆ ಮುಗಿಯುವುದಿಲ್ಲ. ಆ ಕೌಶಲದ ವರ್ಗಾವಣೆ ಒಪ್ಪಂದದಲ್ಲಿ ಸ್ಪಷ್ಟವಾಗಿರಬೇಕೆಂದು ಕನ್ನಡಿಗರಾದ ನಾವು ಗಟ್ಟಿಯಾಗಿ ಕೇಳಬೇಕು.

ಭಾರತದ ಹಿಂದಿನ ಟೆಂಡರ್‌ಗಳು ಏಕೆ ವಿಫಲವಾದವು?

2006ರ ಟೆಂಡರ್‌ನಲ್ಲಿ ಎ330 ಮತ್ತು ಐಎಲ್-78 ಸ್ಪರ್ಧಿಸಿದವು. 2009ರಲ್ಲಿ ಎ330 ಆಯ್ಕೆಯಾಯಿತು. ಬೆಲೆ ಹೆಚ್ಚೆಂದು ಹಣಕಾಸು ಸಚಿವಾಲಯ ಆಕ್ಷೇಪಿಸಿದ ಮೇಲೆ 2010ರ ಆರಂಭದಲ್ಲಿ ಅದು ರದ್ದಾಯಿತು. ಅದೇ ವರ್ಷ ಮತ್ತೆ ಟೆಂಡರ್ ಕರೆದಾಗ ಅದೇ ಇಬ್ಬರು ಬಂದರು. ಈ ಬಾರಿ ಜೀವಿತಾವಧಿ ವೆಚ್ಚದ ಲೆಕ್ಕ ಹಾಕಿ, 2013ರ ಆರಂಭದಲ್ಲಿ ಎ330 ಮತ್ತೆ ಮುಂದಿದೆ ಎಂದು ತಿಳಿಸಲಾಯಿತು. ಮಾತುಕತೆ ವರ್ಷಗಟ್ಟಲೆ ಎಳೆದು 2016ರಲ್ಲಿ ಅದೂ ರದ್ದಾಯಿತು. 2018ರಲ್ಲಿ ಮೂರನೆಯ ಬಾರಿಗೆ ಮಾಹಿತಿ ಕೋರಿಕೆ ಹೊರಟಿತು.

ಮೂಲ ತೊಡಕು ಕಡಿಮೆ ಬೆಲೆಯ ಬಿಡ್ ಎಂಬುದರ ಅರ್ಥದಲ್ಲಿದೆ. ಕೊಳ್ಳುವ ದಿನದ ಬೆಲೆ ನೋಡಿದರೆ ಒಂದು ವಿಮಾನ ಅಗ್ಗ. 30 ವರ್ಷ ಉರಿಸುವ ಇಂಧನ, ಎಂಜಿನ್ ದುರಸ್ತಿ, ಕಾರ್ಖಾನೆಯಲ್ಲಿ ನಿಂತು ಕಳೆಯುವ ತಿಂಗಳುಗಳು, ಎಷ್ಟು ಜನ ಸಿಬ್ಬಂದಿ ಬೇಕು ಎಂಬುದನ್ನು ಸೇರಿಸಿದರೆ ಇನ್ನೊಂದು ಅಗ್ಗ. ಜೀವಿತಾವಧಿ ವೆಚ್ಚದ ಲೆಕ್ಕ ನ್ಯಾಯವಾದದ್ದೇ, ಆದರೆ ಅದು ಮುಂದಿನ ದಶಕಗಳ ಊಹೆಗಳ ಮೇಲೆ ನಿಂತಿರುವುದರಿಂದ ಅದಕ್ಕೆ ಸಹಿ ಹಾಕುವ ಅಧಿಕಾರಿ ಲೆಕ್ಕಪರಿಶೋಧನೆಯ ಮುಂದೆ ಉತ್ತರಿಸಬೇಕಾದ ಭಯ ಇದ್ದೇ ಇರುತ್ತದೆ. ಸೂತ್ರವನ್ನು ಟೆಂಡರ್ ಕರೆಯುವ ಮೊದಲೇ ಹಣಕಾಸು ಸಚಿವಾಲಯದ ಒಪ್ಪಿಗೆ ಪಡೆದು ಪ್ರಕಟಿಸಿದ್ದರೆ, ಆಯ್ಕೆಯಾದ ಮೇಲೆ ಜಗಳ ತೆಗೆಯಲು ಜಾಗ ಉಳಿಯುತ್ತಿರಲಿಲ್ಲ. ಈ ವಿಳಂಬಕ್ಕೆ ದಂಡ ತೆತ್ತವರು ಅರ್ಧ ಪಡೆ ನೆಲದಲ್ಲಿದ್ದರೂ ಕೆಲಸ ನಿಭಾಯಿಸಿದ ಆಗ್ರಾದ ಸ್ಕ್ವಾಡ್ರನ್‌ನವರು ಎಂಬುದು ನನಗೆ ನೋವಿನ ವಿಷಯ.

ಬೇರೆ ದೇಶಗಳಲ್ಲಿ ಆಯ್ಕೆ ಸುಸೂತ್ರವಾಗಿ ನಡೆದಿದೆಯೇ?

ಅಮೆರಿಕದಲ್ಲೇ ನಡೆದಿಲ್ಲ. 2000ದ ದಶಕದ ಆರಂಭದಲ್ಲಿ ಬೋಯಿಂಗ್ 767ಗಳನ್ನು ಗುತ್ತಿಗೆ ಪಡೆಯುವ ಯೋಜನೆ ಭ್ರಷ್ಟಾಚಾರದ ಹಗರಣದಲ್ಲಿ ಮುಳುಗಿ, ವಾಯುಪಡೆಯ ಖರೀದಿ ಅಧಿಕಾರಿಯೊಬ್ಬರು ಜೈಲಿಗೆ ಹೋದರು. 2008ರ ಫೆಬ್ರವರಿಯಲ್ಲಿ ನಾರ್ಥ್ರಾಪ್ ಮತ್ತು ಏರ್‌ಬಸ್ ಜೋಡಿ ಗೆದ್ದಿತು. ಬೋಯಿಂಗ್‌ನ ದೂರಿನ ಮೇಲೆ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ ಆಯ್ಕೆ ಪ್ರಕ್ರಿಯೆಯಲ್ಲಿ ದೋಷ ಕಂಡಿತು, ಸ್ಪರ್ಧೆ ಮತ್ತೆ ನಡೆದು 2011ರಲ್ಲಿ 179 ವಿಮಾನಗಳ ಯೋಜನೆ ಬೋಯಿಂಗ್ ಪಾಲಾಯಿತು. ಮೊದಲ ಕೆಸಿ-46 ವಾಯುಪಡೆಗೆ ಸೇರಿದ್ದು 2019ರ ಜನವರಿಯಲ್ಲಿ.

ಆಮೇಲೂ ತೊಂದರೆ ತಪ್ಪಲಿಲ್ಲ. ಹಳೆಯ ಕೆಸಿ-135ರಲ್ಲಿ ಬೂಮ್ ನಿರ್ವಾಹಕ ಹಿಂಭಾಗದಲ್ಲಿ ಬೋರಲಾಗಿ ಮಲಗಿ ಕಿಟಕಿಯಿಂದ ಕಣ್ಣಾರೆ ನೋಡಿ ಕೆಲಸ ಮಾಡುತ್ತಿದ್ದ. ಕೆಸಿ-46ರಲ್ಲಿ ಅವನು ಮುಂಭಾಗದಲ್ಲಿ ಕುಳಿತು, ಕ್ಯಾಮೆರಾಗಳು ಕಳಿಸುವ ಮೂರು ಆಯಾಮದ ಚಿತ್ರವನ್ನು ವಿಶೇಷ ಕನ್ನಡಕದಿಂದ ನೋಡುತ್ತಾನೆ. ಕೆಲವು ಬೆಳಕಿನಲ್ಲಿ ಆ ಚಿತ್ರ ದೂರವನ್ನು ಸರಿಯಾಗಿ ತೋರದೆ, ಬೂಮ್ ತಾಗಿ ಇಂಧನ ಪಡೆಯುವ ವಿಮಾನದ ಮೈ ಗೀರಿದ ಪ್ರಸಂಗಗಳಾದವು. ಇಡೀ ದೃಶ್ಯ ವ್ಯವಸ್ಥೆಯನ್ನೇ ಹೊಸದಾಗಿ ವಿನ್ಯಾಸ ಮಾಡಬೇಕಾಯಿತು. ಬೂಮ್ ಸುಲಭಕ್ಕೆ ಜಗ್ಗದಷ್ಟು ಗಡುಸಾಗಿದ್ದುದರಿಂದ ಹಗುರ ನೂಕುಬಲದ ಎ-10 ದಾಳಿ ವಿಮಾನ ಅದಕ್ಕೆ ಸರಿಯಾಗಿ ಸೇರಲಾಗಲಿಲ್ಲ. ನಿಗದಿತ ಬೆಲೆಯ ಒಪ್ಪಂದವಾದ್ದರಿಂದ ಬೋಯಿಂಗ್ 700 ಕೋಟಿ ಡಾಲರಿಗೂ ಹೆಚ್ಚು ನಷ್ಟವನ್ನು ತಾನೇ ಹೊತ್ತಿತು. ಸರ್ಕಾರದ ಖಜಾನೆಗೆ ಅದು ರಕ್ಷಣೆ ಹೌದು, ಆದರೆ ವಿಳಂಬದಿಂದ ವಾಯುಪಡೆಯನ್ನು ಯಾವ ಒಪ್ಪಂದವೂ ರಕ್ಷಿಸಲಿಲ್ಲ. ಇಟಲಿ ಕೊಂಡ ನಾಲ್ಕು ಕೆಸಿ-767ಗಳು ರೆಕ್ಕೆಯ ಪಾಡ್‌ಗಳ ತೊಂದರೆಯಿಂದ ಹಲವು ವರ್ಷ ತಡವಾಗಿ 2011ರಿಂದ ಕೈಸೇರತೊಡಗಿದವು.

ಕೊಳ್ಳುವ ಬದಲು ಬಾಡಿಗೆಗೆ ಅಥವಾ ಹಂಚಿಕೊಂಡು ಬಳಸಬಹುದೇ?

ಹಂಚಿಕೆಯ ಒಳ್ಳೆಯ ಮಾದರಿ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದೆ. ಹಲವು ಯುರೋಪಿಯನ್ ದೇಶಗಳು ನೇಟೋ ಒಡೆತನದ ಎ330 ಟ್ಯಾಂಕರ್‌ಗಳ ಹಾರಾಟದ ಗಂಟೆಗಳನ್ನು ಹಂಚಿಕೊಂಡು ಅದಕ್ಕೆ ತಕ್ಕಂತೆ ಹಣ ಕೊಡುತ್ತವೆ. ಮೈತ್ರಿಕೂಟಕ್ಕೆ ಸೇರದ ಭಾರತಕ್ಕೆ ಈ ದಾರಿ ಒಗ್ಗುವುದಿಲ್ಲ. ಬ್ರಿಟನ್ ತನ್ನ ವಾಯೇಜರ್ ಟ್ಯಾಂಕರ್‌ಗಳಿಗಾಗಿ ಖಾಸಗಿ ಸಂಸ್ಥೆಯೊಂದಿಗೆ 27 ವರ್ಷಗಳಿಗೆ ಸುಮಾರು 1,050 ಕೋಟಿ ಪೌಂಡ್‌ಗಳ ಒಪ್ಪಂದ ಮಾಡಿಕೊಂಡಿತು, ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2010ರಲ್ಲಿ ಆ ನಿರ್ಧಾರವನ್ನು ಕಟುವಾಗಿ ವಿಮರ್ಶಿಸಿತು.

ನಮ್ಮ ರಕ್ಷಣಾ ಸಚಿವಾಲಯ 2025ರ ಮಾರ್ಚ್‌ನಲ್ಲಿ ಮೆಟ್ರಿಯಾ ಎಂಬ ಖಾಸಗಿ ಸಂಸ್ಥೆಯಿಂದ ಒಂದು ಕೆಸಿ-135 ವಿಮಾನವನ್ನು ಸಿಬ್ಬಂದಿ ಸಮೇತ ಗುತ್ತಿಗೆ ಪಡೆಯಲು ಸಹಿ ಹಾಕಿತು. ವಾಯುಪಡೆ ಮತ್ತು ನೌಕಾಪಡೆಯ ಪೈಲಟ್‌ಗಳ ತರಬೇತಿಗೆ ಇದು ಮೀಸಲು. ತರಬೇತಿಯ ಹೊರೆ ಇಳಿದಷ್ಟೂ ಐಎಲ್-78ಗಳು ಕಾರ್ಯಾಚರಣೆಗೆ ಸಿಗುತ್ತವೆ, ಆ ಮಟ್ಟಿಗೆ ಇದು ಒಳ್ಳೆಯ ಹೆಜ್ಜೆ. ವಿದೇಶಿ ನಾಗರಿಕ ಸಿಬ್ಬಂದಿ ನಡೆಸುವ ವಿಮಾನವನ್ನು ಯುದ್ಧಕಾಲದಲ್ಲಿ ನಂಬಿ ಕೂರಲಾಗದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಯುದ್ಧವಿಮಾನವೇ ಇನ್ನೊಂದಕ್ಕೆ ಇಂಧನ ಕೊಡಬಹುದಲ್ಲ?

ಕೊಡಬಹುದು. ಸುಖೋಯ್-30 ಮತ್ತು ಮಿಗ್-29ಕೆ ಹೊಟ್ಟೆಯಡಿ ಪಾಡ್ ಕಟ್ಟಿಕೊಂಡು ಸಹವಿಮಾನಕ್ಕೆ ಇಂಧನ ಹರಿಸಬಲ್ಲವು. ವಿಮಾನವಾಹಕ ನೌಕೆಗಳಲ್ಲಿ ಇದು ಅನಿವಾರ್ಯ. ನೆಲದ ನೆಲೆಗಳಿಂದ ಹಾರುವಾಗ, ಕೆಲವೇ ಟನ್ ಇಂಧನಕ್ಕಾಗಿ ಒಂದು ಯುದ್ಧವಿಮಾನವನ್ನು ಹೋರಾಟದಿಂದ ಹೊರಗಿಟ್ಟಂತಾಗುತ್ತದೆ.

ಆರು ವಿಮಾನ ಸಾಕೇ?

ಸಾಲದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಒಂದು ಜಾಗದಲ್ಲಿ ಹಗಲಿರುಳು ಒಂದು ಟ್ಯಾಂಕರ್ ನಿಂತಿರಬೇಕಾದರೆ, ಒಂದು ಅಲ್ಲಿದ್ದಾಗ ಒಂದು ದಾರಿಯಲ್ಲಿ, ಒಂದು ನೆಲದಲ್ಲಿ ಸಿದ್ಧವಾಗುತ್ತಾ ಇರಬೇಕು. ಹಾರಲು ಸಿದ್ಧವಿರುವ ಮೂರು ವಿಮಾನ ಎಂದರೆ, ಶೇ 75 ಲಭ್ಯತೆ ಹಿಡಿದರೂ ಪಡೆಯಲ್ಲಿ ನಾಲ್ಕು ಇರಬೇಕು. ಪಶ್ಚಿಮ ಮತ್ತು ಉತ್ತರ ಎರಡೂ ದಿಕ್ಕಿಗೆ ಎಂಟು, ಸಾಗರಕ್ಕೆ ಮತ್ತೆ ನಾಲ್ಕು. ಪಾಕಿಸ್ತಾನದ ಬಳಿ ನಾಲ್ಕು ಐಎಲ್-78ಗಳಿವೆ, ಚೀನಾ ತನ್ನದೇ ವೈ-20 ಸಾಗಣೆ ವಿಮಾನವನ್ನು ಟ್ಯಾಂಕರ್ ಆಗಿ ತಯಾರಿಸುತ್ತಿದೆ. ಹೊಸ ಆರು ಬಂದು ಹಳೆಯ ಆರನ್ನು ಜೊತೆಗಿಟ್ಟುಕೊಂಡರೆ ಲೆಕ್ಕ ಹನ್ನೆರಡು ಆಗುತ್ತದಾದರೂ, ಅರ್ಧ ಲಭ್ಯತೆಯ ಹಳೆಯ ವಿಮಾನವನ್ನು ಪೂರ್ತಿ ಒಂದೆಂದು ಎಣಿಸುವಂತಿಲ್ಲ.

ವಿಮಾನ ಬಂದ ಕೂಡಲೇ ಕೆಲಸ ಆರಂಭಿಸಬಹುದೇ?

ಒಂದೊಂದು ಟ್ಯಾಂಕರ್ ಬಗೆಗೂ ಒಂದೊಂದು ಯುದ್ಧವಿಮಾನ ಬಗೆಗೂ ಪ್ರತ್ಯೇಕ ಅನುಮತಿ ಬೇಕು. ಸುಖೋಯ್ ಐಎಲ್-78ನಿಂದ ವರ್ಷಗಳಿಂದ ಇಂಧನ ಪಡೆಯುತ್ತಿದೆ ಎಂದ ಮಾತ್ರಕ್ಕೆ ಹೊಸ ಟ್ಯಾಂಕರ್‌ನ ಹಿಂದೆ ನೇರವಾಗಿ ಹೋಗುವಂತಿಲ್ಲ. ಗಾಳಿಯ ಸುಳಿ, ಹೋಸ್‌ನ ಉದ್ದ, ದೀಪಗಳ ಬೆಳಕು, ಇಂಧನದ ಒತ್ತಡ, ಸುರಕ್ಷಿತ ವೇಗ ಮತ್ತು ಎತ್ತರ ಎಲ್ಲವನ್ನೂ ಮೊದಲು ಹಗಲಲ್ಲಿ, ಬಳಿಕ ರಾತ್ರಿಯಲ್ಲಿ, ಇಂಧನವಿಲ್ಲದೆ ಮತ್ತು ಇಂಧನದೊಂದಿಗೆ, ಟ್ಯಾಂಕ್ ಮತ್ತು ಕ್ಷಿಪಣಿಗಳ ಬೇರೆಬೇರೆ ಜೋಡಣೆಗಳಲ್ಲಿ ಪರೀಕ್ಷಿಸಬೇಕು. ನಮ್ಮಲ್ಲಿ ರಷ್ಯಾ, ಫ್ರಾನ್ಸ್, ಬ್ರಿಟನ್ ಮತ್ತು ಸ್ವದೇಶಿ ಮೂಲದ ವಿಮಾನಗಳು ಒಂದೇ ಪಡೆಯಲ್ಲಿರುವುದರಿಂದ ಈ ಪಟ್ಟಿ ಬಹುತೇಕ ವಾಯುಪಡೆಗಳಿಗಿಂತ ಉದ್ದ. ಆದ್ದರಿಂದ ಯಾವ ಯಾವ ವಿಮಾನಕ್ಕೆ, ಯಾವ ದಿನಾಂಕದೊಳಗೆ, ಯಾರ ಖರ್ಚಿನಲ್ಲಿ ಅನುಮತಿ ಪರೀಕ್ಷೆ ಮುಗಿಯಬೇಕು ಎಂಬುದನ್ನು ವಿಮಾನದ ಬೆಲೆಯ ಜೊತೆಗೇ ಒಪ್ಪಂದದಲ್ಲಿ ಬರೆಸಬೇಕು, ಮತ್ತು ಮೊದಲ ಸಾಲಿನಲ್ಲಿ ಸುಖೋಯ್-30, ರಫೇಲ್, ತೇಜಸ್ ಹಾಗೂ ನೇತ್ರ ಇರಬೇಕು.